ಸಾವಂತ್ರಮ್ಮನ ಸೊಟ್ಟ ಎಳೆ

"ನೋಡ್ತಿರು ಅಮ್ಮ, ಇನ್ಮೇಲೆ ನಮ್ಮ ರಂಗೋಲಿಗೆ ಸಾಟಿನೇ ಇಲ್ಲ!" ಎಂದು ಚಿದಂಬರ ತನ್ನ ಹೊಸ ಯಂತ್ರದ ಬೆನ್ನು ತಟ್ಟಿದ. ಹಳೆಯ ಮಿಕ್ಸಿಯ ಮೋಟಾರು, ಮೂರು ಗಾಲಿ, ಮುಂದೊಂದು ರಂಗೋಲಿ ಪುಡಿ ಸುರಿಸುವ ಸೊಂಡಿಲು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಸುಮ್ಮನೆ ಹೇಳಿದ್ದಲ್ಲ! ಕಾಲೇಜಿನಲ್ಲಿ ಗಣಿತ ಹೇಳಿಕೊಡುವ ಈ ಮಗನ ಹಿಂದಿನ ಯಂತ್ರ ಒಬ್ಬಟ್ಟುಗಳನ್ನು ಸೂರಿಗೆ ಅಂಟಿಸಿತ್ತಾದ್ದರಿಂದ ಸಾವಂತ್ರಮ್ಮ ದೂರವೇ ನಿಂತರು.

ಅವರ ಮನಸ್ಸು ಯಂತ್ರದ ಮೇಲಿರಲಿಲ್ಲ. ಪಾರ್ಶ್ವವಾಯು ಬಡಿದಾಗಿನಿಂದ ಬಲಗೈ ನಡುಗುತ್ತಿತ್ತು. ಇಡೀ ಬೀದಿಗೆ ರಂಗೋಲಿ ಕಲಿಸಿದ ಕೈ ಅದು! ಹಬ್ಬವೆಂದು ಹಟ ಹಿಡಿದು ಹಾಕಿದ ಇವತ್ತಿನ ರಂಗೋಲಿಯಲ್ಲಿ ಒಂದು ಎಳೆ ಚುಕ್ಕಿ ತಪ್ಪಿ ಸೊಟ್ಟಗೆ ಹೋಗಿತ್ತು. ಎದುರುಮನೆಯ ಇಂದಿರಾ ಅದನ್ನು ನೋಡಿಯೂ ಏನೂ ಅನ್ನದೆ ಹೋದದ್ದು ಅವರನ್ನು ಬಹಳ ನೋಯಿಸಿತ್ತು. ನಾಳೆಯಿಂದ ರಂಗೋಲಿ ಬಟ್ಟಲು ಮುಟ್ಟುವುದಿಲ್ಲ ಎಂದು ಒಳಗೊಳಗೇ ನಿರ್ಧರಿಸಿಬಿಟ್ಟಿದ್ದರು.

"ನಾನು ಹಾಕಿದ್ದನ್ನ ಅಳಿಸಿಬಿಡುತ್ತಾ ಇದು?"

"ಒಂದು ಚುಕ್ಕೀನೂ ಅಳಿಸಲ್ಲಮ್ಮ. ಈ ಮೂಲೆ ಹೂವೂ ಆ ಮೂಲೆ ಹೂವೂ ಒಂದೇ ಥರ ಇವೆ ತಾನೆ? ಹಾಗಾದ್ರೆ ಇಡೀ ರಂಗೋಲಿ ತಿರುಗಿಸಿದಾಗ ಇದರ ಜಾಗಕ್ಕೆ ಅದು ಬರಬೇಕು, ಉಳಿದದ್ದೂ ಹೊಂದಬೇಕು. ಹೊಂದದಿದ್ರೆ ಯಂತ್ರ ಹೊರಗಡೆ ಚುಕ್ಕಿ, ಎಳೆ ಸೇರಿಸುತ್ತೆ."

"ಎಲ್ಲಿವರೆಗೆ?"

"ಎಲ್ಲಾ ಹೊಂದೋವರೆಗೆ. ಒಂದು ಕಡೆ ನಿಂತೇ ನಿಲ್ಲುತ್ತೆ, ಗಣಿತದಲ್ಲಿ ಸಾಬೀತಾಗಿದೆ!"

"ಎಲ್ಲಿ ನಿಲ್ಲುತ್ತೆ ಅನ್ನೋದೂ ಸಾಬೀತಾಗಿದೆಯಾ?"

ಚಿದಂಬರ ಆಗಲೇ ಗುಂಡಿ ಒತ್ತಿಬಿಟ್ಟಿದ್ದ.

ಯಂತ್ರ ಸೊಟ್ಟ ಎಳೆಯನ್ನು ಮೂಸಿ, ಅದಕ್ಕೆ ಜೊತೆಯಾಗಿ ಇನ್ನೊಂದು ಸೊಟ್ಟ ಎಳೆ ಹಾಕಿತು. ಆ ಎಳೆಗೊಂದು ಹೂವು, ಆ ಹೂವಿಗೆ ಮತ್ತೊಂದು ಜೊತೆ! ಅಂಗಳ ತುಂಬಿತು, ಚರಂಡಿ ದಾಟಿ ಬೀದಿಗಿಳಿಯಿತು. ಪುಡಿ ಮುಗಿದಾಗ ಇಂದಿರಾ ಜಗಲಿಯಲ್ಲಿ ಹರಡಿದ್ದ ಚಕ್ಕುಲಿ ಹಿಟ್ಟನ್ನು ಸೊಂಡಿಲಿನಿಂದ ಹೀರಿಕೊಂಡು ಮುಂದುವರಿಯಿತು.

"ಅಯ್ಯೋ ನನ್ನ ಹಿಟ್ಟು! ಚಿದಂಬರಣ್ಣ, ಮೊದ್ಲು ನಿಲ್ಲಿಸಿ ಇದನ್ನ!"

"ಮಧ್ಯದಲ್ಲಿ ನಿಲ್ಲಿಸಿದ್ರೆ ಹೊಂದಿಕೆ ಕೆಡುತ್ತಮ್ಮ!"

"ಇಲ್ಲಿ ನನ್ನ ಹಬ್ಬಾನೇ ಕೆಡ್ತಿದೆ!"

ಕೊನೆಯ ಮನೆಯ ಬಾಗಿಲಿಗೂ ಎಳೆ ಎಳೆದು ಯಂತ್ರ ತಾನಾಗಿಯೇ ನಿಂತಿತು. "ನೋಡಿದ್ರಾ, ನಿಂತಿತು!" ಎಂದು ಚಿದಂಬರ ಕುಣಿದಾಡಿದ. ರಂಗೋಲಿ ತುಳಿಯಬಾರದಲ್ಲ, ಹಾಲಿನವನು ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಒಂಟಿಗಾಲಿನಲ್ಲಿ ನಿಂತಿದ್ದ.

ಸಾವಂತ್ರಮ್ಮ ಹೊಸಿಲು ದಾಟಿ ಬಂದರು. ಎಲ್ಲರ ಬಾಗಿಲಲ್ಲೂ ಅದೇ ಸೊಟ್ಟ ಎಳೆ. ಹೆಣೆದುಕೊಂಡ ಆ ಎಳೆಗಳಲ್ಲಿ ತಮ್ಮ ಕೈ ನಡುಗಿದ್ದು ಎಲ್ಲೆಂದು ಅವರಿಗೇ ಗುರುತು ಸಿಗಲಿಲ್ಲ. ಕಣ್ಣು ತುಂಬಿ ಬಂತು, ಜೊತೆಗೆ ನಗುವೂ ಬಂತು.

"ಸಾವಂತ್ರಮ್ಮನೋರೇ, ನಮ್ಮ ಬಾಗಿಲಲ್ಲೂ ಸೊಟ್ಟಗೇ ಹಾಕಿದೆಯಲ್ಲ!" ಎಂದು ಇಂದಿರಾ ಕೂಗಿದಳು.

ಸಾವಂತ್ರಮ್ಮ ರಂಗೋಲಿ ಬಟ್ಟಲನ್ನು ನಾಳೆಗೆಂದು ಬಾಗಿಲ ಪಕ್ಕದಲ್ಲಿ ಎತ್ತಿಟ್ಟು ಹೇಳಿದರು: "ಸೊಟ್ಟ ಅನ್ನೋಕೆ, ನೆಟ್ಟಗಿರೋದು ಒಂದಾದ್ರೂ ಪಕ್ಕದಲ್ಲಿರಬೇಕಲ್ಲಮ್ಮ."