ವಲ್ಲಿಯ ಕೆಳಗಿನ ಪಗಾರ

ಹೆಚ್ಚು ಸಂಬಳ ಬೇಕು ಅನ್ನುವವರನ್ನು ಜನ ಮಹತ್ವಾಕಾಂಕ್ಷಿ ಎಂದು ಕರೆಯುತ್ತಾರೆ. ಕಡಿಮೆ ಕೆಲಸ ಬೇಕು ಅನ್ನುವವರನ್ನು ಮೈಗಳ್ಳರು ಎಂದು ಕರೆಯುತ್ತಾರೆ. ಎರಡೂ ಒಟ್ಟಿಗೆ ಬೇಕು ಅನ್ನುವವರಿಗೆ ಮಾತ್ರ ಇನ್ನೂ ಯಾರೂ ಹೆಸರಿಟ್ಟಂತೆ ಕಾಣುವುದಿಲ್ಲ. ಇಟ್ಟ ದಿನ ನನಗೆ ತಿಳಿಸಿದರೆ ಉಪಕಾರವಾಗುತ್ತದೆ, ಏಕೆಂದರೆ ನಾನು ಆ ಪಂಗಡಕ್ಕೆ ಸೇರಿದವಳು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿದೆ. ಹಾಗೆ ನೋಡಿದರೆ ಯಾವುದನ್ನು ಹೇಳಿಕೊಳ್ಳಲೂ ನನಗೆ ಸಂಕೋಚವೇ. ಕಲಬುರಗಿಯಲ್ಲಿ ಎಂ.ಕಾಂ. ಓದುವಾಗ, ಕಡಿಮೆ ಖರ್ಚಿನಲ್ಲಿ ಹೆಚ್ಚು ಆದಾಯ ತೆಗೆಯುವುದನ್ನು ದಕ್ಷತೆ ಎನ್ನುತ್ತಾರೆ ಎಂದು ನಮಗೆ ಪಾಠ ಮಾಡಿದ್ದರು. ನಾನು ಅದನ್ನು ಪರೀಕ್ಷೆಯಲ್ಲಿ ಅಚ್ಚುಕಟ್ಟಾಗಿ ಬರೆದು ಒಳ್ಳೆಯ ಅಂಕವನ್ನೂ ಪಡೆದೆ. ಕಾರ್ಖಾನೆ ಮಾಡಿದರೆ ದಕ್ಷತೆ, ನಾನು ಮಾಡಿದರೆ ಸೋಮಾರಿತನ ಎಂಬ ವ್ಯತ್ಯಾಸ ಮಾತ್ರ ಯಾವ ಪಠ್ಯದಲ್ಲೂ ಇರಲಿಲ್ಲ.

ನಮ್ಮ ಅವ್ವನ ಪ್ರಕಾರ ಕೆಲಸ ಅಂದರೆ ದಣಿವು. ದಣಿಯದೆ ಮನೆಗೆ ಬಂದವರು ಕೆಲಸಕ್ಕೆ ಹೋಗಿಯೇ ಇಲ್ಲ. ಅಫಜಲಪುರದ ನಮ್ಮ ಓಣಿಯ ಅಭಿಪ್ರಾಯವೂ ಹೆಚ್ಚುಕಡಿಮೆ ಅದೇ. ಆ ದೃಷ್ಟಿಯಿಂದ ನನ್ನ ಮೊದಲ ನೌಕರಿ ಆದರ್ಶ ನೌಕರಿಯಾಗಿತ್ತು. ಅದು ನಮ್ಮೂರಿನ ಒಬ್ಬ ತೆರಿಗೆ ವಕೀಲರ ಆಫೀಸು. ವ್ಯಾಪಾರಿಗಳ ಜಿಎಸ್‌ಟಿ ರಿಟರ್ನ್ ತುಂಬುವುದು ನನ್ನ ಕೆಲಸ. ನಾನು ಬೆಳಿಗ್ಗೆ ಹೋಗಿ ಕೂರುತ್ತಿದ್ದೆ. ವಕೀಲರು ಮಧ್ಯಾಹ್ನದ ಊಟ ಮುಗಿಸಿ, ಒಂದು ನಿದ್ದೆ ತೆಗೆದು ಬರುತ್ತಿದ್ದರು. ವ್ಯಾಪಾರಿಗಳು ತಮ್ಮ ಅಂಗಡಿ ಮುಚ್ಚಿದ ಮೇಲೆ ಬಿಲ್ಲುಗಳ ಚೀಲ ಹಿಡಿದು ಬರುತ್ತಿದ್ದರು. ಹೀಗಾಗಿ ನಾನು ಮನೆಗೆ ಹೋಗಬೇಕಾದ ಹೊತ್ತಿಗೆ ಸರಿಯಾಗಿ ಕೆಲಸ ಶುರುವಾಗುತ್ತಿತ್ತು. ಅಲ್ಲಿಯವರೆಗೆ ಚಹಾ. ಕಡೆಯ ತಾರೀಖು ಬಂತೆಂದರೆ ಕಂಪ್ಯೂಟರಿನ ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗುತ್ತಿತ್ತು. ಎಲ್ಲ ಊರಿನ ಎಲ್ಲ ವ್ಯಾಪಾರಿಗಳೂ ಅದೇ ದಿನ ಜಿಎಸ್‌ಟಿ ಜಾಲತಾಣದ ಬಾಗಿಲು ತಟ್ಟುವುದರಿಂದ ಅದು ತಿರುಗುತ್ತಲೇ ಇರುತ್ತಿತ್ತು. ಅದನ್ನು ನೋಡುತ್ತ ಮತ್ತೆ ಚಹಾ. ಮನೆ ತಲುಪುವಾಗ ನಾನು ನಿಜಕ್ಕೂ ದಣಿದಿರುತ್ತಿದ್ದೆ, ಅವ್ವ ನಿಜಕ್ಕೂ ಸಂತೋಷಪಡುತ್ತಿದ್ದಳು. ಪಗಾರ ಎಷ್ಟಿತ್ತೆಂದು ಹೇಳುವುದಿಲ್ಲ, ಹೇಳುವಷ್ಟು ಇರಲಿಲ್ಲ.

ಲೆಕ್ಕ ಬಲ್ಲವಳು ಎಂಬ ಹೆಸರು ಬಂದ ಮೇಲೆ ಆಫೀಸಿನ ಹೊರಗೂ ಬಿಡುಗಡೆಯಿಲ್ಲ. ಮದುವೆಯಲ್ಲಿ ಮುಯ್ಯಿ ಬರೆಯಲು ಒಬ್ಬರನ್ನು ಮೂಲೆಯ ಟೇಬಲ್ಲಿಗೆ ಕೂರಿಸುತ್ತಾರಲ್ಲ, ನಮ್ಮ ಬಳಗದಲ್ಲಿ ಆ ಕುರ್ಚಿ ನನ್ನದು. ಜೇವರ್ಗಿಯ ಸೋದರಮಾವನ ಮಗಳ ಮದುವೆಗೆ ನಾನು ಹೊಸ ಇಳಕಲ್ ಸೀರೆ ಉಟ್ಟು ಹೋಗಿದ್ದೆ. ಮಾವ ನನ್ನನ್ನು ಕಂಡವನೇ ಎರಡೂ ಕೈ ಚಾಚಿ, "ಬಾರವ್ವ ಬಾ, ನಿಂದೇ ಹಾದಿ ಕಾಯಾಕತ್ತಿದ್ದೆ" ಅಂದ. ಎಷ್ಟು ಪ್ರೀತಿ ಅಂದುಕೊಂಡೆ. ಕೈಗೆ ಪೆನ್ನು ಕೊಟ್ಟ. ಅಕ್ಷತೆ ಬಿದ್ದದ್ದು ನನಗೆ ಬಾಜಾ ಸದ್ದಿನಿಂದ ತಿಳಿಯಿತು. ನಾನು ಊಟಕ್ಕೆ ಕೂರುವ ಹೊತ್ತಿಗೆ ಹೋಳಿಗೆ ಮುಗಿದು ಅನ್ನ ಸಾರು ಉಳಿದಿತ್ತು. "ಎಂ.ಕಾಂ. ಮಾಡ್ಯಾಳ್ರಿ, ಒಂದ್ ರೂಪಾಯಿ ಹೆಚ್ಚುಕಮ್ಮಿ ಇಲ್ಲ" ಎಂದು ಮಾವ ಬೀಗರಿಗೆಲ್ಲ ಹೇಳುತ್ತಿದ್ದ. ತಣ್ಣನೆಯ ಸಾರು ಕಲಸಿಕೊಳ್ಳುತ್ತ ನಾನು ಒಂದು ತೀರ್ಮಾನಕ್ಕೆ ಬಂದೆ. ಇನ್ನು ಮುಂದೆ ನನ್ನ ಲೆಕ್ಕಕ್ಕೆ ಭಾರಿ ಬೆಲೆ ಇರಬೇಕು, ಮತ್ತು ಸಂಜೆ ಐದರ ಮೇಲೆ ಅದು ಮಾರಾಟಕ್ಕೇ ಇರಬಾರದು.

ಅವಕಾಶ ಬಂದದ್ದು ತೊಗರಿಯ ಕಡೆಯಿಂದ. ಊರ ಹೊರಗೆ ದಾಲ್ ಮಿಲ್ಲು ಇಟ್ಟಿರುವ ಒಬ್ಬ ಸಾವ್ಕಾರರು ನಮ್ಮ ವಕೀಲರ ಆಫೀಸಿಗೆ ಬರುತ್ತಿದ್ದರು. ಅವರ ಲೆಕ್ಕ ಬರೆಯುತ್ತಿದ್ದ ಹಳೆಯ ದಿವಾಣಜಿ ಸೊಲ್ಲಾಪುರದ ಮಗಳ ಮನೆಗೆಂದು ಹೋದವರು ಮೊಮ್ಮಗನನ್ನು ಬಿಟ್ಟು ಬರಲು ಒಲ್ಲೆ ಅಂದಿದ್ದರು. ಅಂದಿನಿಂದ ಸಾವ್ಕಾರರೇ ಲೆಕ್ಕ ಬರೆಯುತ್ತಿದ್ದರು, ಬರೆದು ಕಣ್ಣು ಕೆಂಪು ಮಾಡಿಕೊಳ್ಳುತ್ತಿದ್ದರು. ಒಂದು ದಿನ ವಕೀಲರು ಫೋನ್ ಹಿಡಿದು ಹೊರಗೆ ಹೋದದ್ದನ್ನು ನೋಡಿ ನನ್ನ ಟೇಬಲ್ಲಿನ ಮೇಲೆ ಬಾಗಿ, "ಮೇಡಮ್ಮೋರೇ, ನಮ್ಮ ಮಿಲ್ಲಿಗಿ ಬರ್ರಿ. ಪಗಾರದ ಮಾತು ಮನ್ಯಾಗ ಕೂತು ಆಡೂಣು" ಅಂದರು. ಪಗಾರವನ್ನು ಅವರು ಬಿಗಿಹಿಡಿಯುವವರಲ್ಲ ಎಂದು ಕೇಳಿದ್ದೆ. ಆದರೆ ಆ ಮಿಲ್ಲಿನ ಒಂದು ರೂಢಿಯನ್ನೂ ಕೇಳಿದ್ದೆ. ಸಾವ್ಕಾರರು ಗಲ್ಲಾ ಬಿಟ್ಟು ಏಳುವವರೆಗೆ ದಿವಾಣಜಿ ಏಳುವಂತಿಲ್ಲ. ಸಾವ್ಕಾರರು ಏಳುವುದು ಅವರಿಗೆ ಹಸಿವಾದಾಗ, ಅವರಿಗೆ ಹಸಿವಾಗುವುದು ಊರೆಲ್ಲ ಉಂಡು ಮಲಗಿದಾಗ. ದೊಡ್ಡ ಪಗಾರ ಸಿಕ್ಕು ಸಂಜೆ ಹೋದರೆ ನನ್ನ ತೀರ್ಮಾನದಲ್ಲಿ ಅರ್ಧ ಮಾತ್ರ ಉಳಿಯುತ್ತಿತ್ತು.

ಆಳಂದದಲ್ಲಿರುವ ಗೆಳತಿ ಫೋನಿನಲ್ಲಿ ಸಲಹೆ ಕೊಟ್ಟಳು: "ಮೊದ್ಲ ಅವ್ರ ಬಾಯಿಲಿಂದ ಬರ್ಲಿ. ಆಮ್ಯಾಲ ನಿನಗೇ ನಾಚಿಕಿ ಬರೋವಷ್ಟು ಕೇಳು." ಆ ನಾಚಿಕೆಯನ್ನು ಮೊದಲೇ ಅಭ್ಯಾಸ ಮಾಡಿಕೊಳ್ಳೋಣವೆಂದು ನಾನು ಕನ್ನಡಿಯ ಮುಂದೆ ನಿಂತು ಮೊತ್ತವನ್ನು ಮೆಲ್ಲಗೆ ಹೇಳಿಕೊಂಡೆ. ಅಡುಗೆಮನೆಯಿಂದ ಅವ್ವ, "ಯಾರ್ ಜೋಡಿ ಮಾತಾಡಾಕತ್ತಿ ಬೇ?" ಅಂದಳು. ಅಭ್ಯಾಸ ಅಲ್ಲಿಗೆ ನಿಂತಿತು.

ಸಾವ್ಕಾರರ ಮನೆಯ ಪಡಸಾಲೆಯಲ್ಲಿ ಅವರ ಹೆಂಡತಿ ಮಹಾನಂದಮ್ಮ ನನಗೆ ಚೂಡಾ, ಚಹಾ ಕೊಟ್ಟರು. ಅವರು ಜಿಡಗಾ ಕಡೆಯವರು. ಹಣೆಯ ತುಂಬ ವಿಭೂತಿ, ಮುಖದ ತುಂಬ ನಗು. ಸಾವ್ಕಾರರು ಮಳೆ, ತೊಗರಿ, ನನ್ನ ಓದು ಎಲ್ಲ ಮಾತಾಡಿದರು. ಪಗಾರದ ಮಾತಿಗೆ ಬಂದು ನಿಂತುಬಿಟ್ಟರು. ಅವರ ಕೈ ತಾನಾಗಿ ಹೆಗಲ ಮೇಲಿನ ವಲ್ಲಿಗೆ ಹೋಯಿತು. ಅದನ್ನು ತೆಗೆದು ಝಾಡಿಸಿ ಹರವಿದರು, ನನ್ನನ್ನು ನೋಡಿದರು, ಮತ್ತೆ ಮಡಚಿದರು. ಮತ್ತೆ ಹರವಿದರು, ಮತ್ತೆ ಮಡಚಿದರು. ಕಾರಣ ನನಗೆ ಸ್ವಲ್ಪ ತಡವಾಗಿ ಹೊಳೆಯಿತು. ದನದ ಸಂತೆಯಲ್ಲಿ, ದಲಾಲರ ಹಳೆಯ ಅಡತಿ ಅಂಗಡಿಗಳಲ್ಲಿ ಬೆಲೆಯನ್ನು ಬಾಯಿಬಿಟ್ಟು ಆಡುವುದಿಲ್ಲ. ಇಬ್ಬರೂ ವಲ್ಲಿಯ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದು ಹೇಳುತ್ತಾರೆ. ಸಾವ್ಕಾರರು ಎತ್ತು, ತೊಗರಿ, ಮಿಲ್ಲಿನ ಜಾಗ ಎಲ್ಲವನ್ನೂ ಹಾಗೆಯೇ ಕೊಂಡವರು. ಈಗ ಎದುರಿಗೆ ಕೂತಿರುವುದು ಮದುವೆಯಾಗದ ಹುಡುಗಿ. ಅವಳ ಕೈಯನ್ನು ಹೆಂಡತಿಯ ಎದುರಿಗೆ ಬಟ್ಟೆಯ ಕೆಳಗೆ ಹೇಗೆ ಹಿಡಿಯುವುದು?

"ಬಾಯಿಲೆ ಹೇಳ್ರಲಾ" ಅಂದರು ಮಹಾನಂದಮ್ಮ.

"ಬಾಯಿಲೆ ಹೆಂಗ್ ಹೇಳೋದು? ಪಗಾರ ಅದ ಅದು. ಕೂಗಿ ಮಾರೋ ಬದನಿಕಾಯೇನು?"

ನನಗೆ ಅವರ ಮೇಲೆ ಗೌರವ ಉಕ್ಕಿತು. ಪಗಾರವನ್ನು ಬಾಯಿಬಿಟ್ಟು ಆಡಲು ನನ್ನಷ್ಟೇ ನಾಚುವ ಇನ್ನೊಬ್ಬರನ್ನು ನಾನು ಅಂದೇ ಮೊದಲು ನೋಡಿದ್ದು. "ಹಾಂಗಾದ್ರ ನಡುವ ನಾ ಕೂಡ್ತೇನಿ" ಎಂದು ಮಹಾನಂದಮ್ಮ ಚಾಪೆಯ ಮೇಲೆ ನಮ್ಮಿಬ್ಬರ ಮಧ್ಯೆ ಬಂದು ಕೂತರು. ಒಂದು ಬೆರಳೆಂದರೆ ಎಷ್ಟು ಎಂದು ನನ್ನ ಕಿವಿಯಲ್ಲಿ ಹೇಳಿದರು. ಕೈ ಬಿಟ್ಟು ವಲ್ಲಿ ಎತ್ತಿದರೆ ಮಾತು ಮುಗಿಯಿತು, ಆಮೇಲೆ ಯಾರೂ ತಕರಾರು ತೆಗೆಯುವಂತಿಲ್ಲ ಎಂದೂ ಹೇಳಿದರು.

ಮೊದಲು ವಲ್ಲಿಯ ಕೆಳಗೆ ಗಂಡನ ಕೈ. ಸಾವ್ಕಾರರು ಏನೂ ನಡೆಯುತ್ತಿಲ್ಲವೆಂಬಂತೆ ಫ್ಯಾನಿನ ಕಡೆ ನೋಡುತ್ತಿದ್ದರು. ಆಮೇಲೆ ವಲ್ಲಿ ನನ್ನ ಕಡೆ ಸರಿಯಿತು. ಒಳಗೆ ಬಳೆಗಳು ಸಣ್ಣಗೆ ಸದ್ದು ಮಾಡಿದವು, ಮಹಾನಂದಮ್ಮ ನನ್ನ ಬೆರಳುಗಳನ್ನು ಹಿಡಿದರು. ನಾನು ಎಣಿಸಿದ್ದಕ್ಕಿಂತ ಹೆಚ್ಚು! ಅಲ್ಲೇ ಹೂಂ ಅಂದುಬಿಡುತ್ತಿದ್ದೆ. ಗೆಳತಿಯ ಮಾತು ನೆನಪಾಯಿತು. ಕಣ್ಣು ಮುಚ್ಚಿ ಮಹಾನಂದಮ್ಮನ ಇಡೀ ಅಂಗೈ ಹಿಡಿದೆ, ಬಿಟ್ಟು ಇನ್ನೂ ಒಂದು ಬೆರಳು ಹಿಡಿದೆ. ಅವರು ನನ್ನನ್ನು ಹೊಸದಾಗಿ ನೋಡುವಂತೆ ನೋಡಿದರು. ವಲ್ಲಿ ಆ ಕಡೆ ಹೋಯಿತು. ಸಾವ್ಕಾರರ ಕಣ್ಣು ಫ್ಯಾನಿನಿಂದ ಕೆಳಗಿಳಿಯಿತು.

"ಏಯ್, ಇದು ದಿವಾಣಜಿ ಪಗಾರೇನು, ಜೋಡೆತ್ತಿನ ರೇಟೇನು?"

"ರೇಟು ಬಾಯಿಲೆ ಆಡಬ್ಯಾಡ್ರಿ" ಅಂದರು ಮಹಾನಂದಮ್ಮ.

ವಲ್ಲಿ ಇನ್ನೂ ಕೆಲವು ಸಲ ಅತ್ತಿತ್ತ ಓಡಾಡಿತು. ಕೊನೆಗೆ ಸಾವ್ಕಾರರು ಉಸಿರು ಬಿಟ್ಟು ಅದನ್ನು ಎತ್ತಿ ಹೆಗಲಿಗೆ ಹಾಕಿಕೊಂಡರು. ನಿಂತ ಮೊತ್ತವನ್ನು ನಾನು ಅವ್ವನಿಗೂ ಹೇಳಿಲ್ಲ, ನಿಮಗೂ ಹೇಳುವುದಿಲ್ಲ. ಆದರೆ ನಾಚಿಕೆ ಬರುವಷ್ಟಿತ್ತು.

ಉಳಿದದ್ದು ಸಂಜೆ. ಅದಕ್ಕೆ ವಲ್ಲಿಯ ಏರ್ಪಾಡಿಲ್ಲ, ಬಾಯಿಬಿಡಲೇಬೇಕಾಯಿತು. "ಸಾವ್ಕಾರ್ರೇ, ಇನ್ನೊಂದ್ ಮಾತದ. ನಾ ಐದಕ್ಕ ಏಳ್ತೇನಿ."

"ಮುಂಜಾನಿ ಐದಕ್ಕೇನು? ಭಾಳ ಛಲೋ."

"ಸಂಜಿ ಐದಕ್ರಿ. ಮನಿಗಿ."

"ನಮ್ಮ ಮಿಲ್ಲಿನ್ಯಾಗ ದಿವಾಣಜಿ ಸಾವ್ಕಾರಗಿಂತ ಮೊದ್ಲ ಎದ್ದಿದ್ದು ಇಲ್ರಿ, ಮೇಡಮ್ಮೋರೇ. ನಮ್ಮಪ್ಪನ ಕಾಲಕ್ಕೂ ಇಲ್ಲ" ಅಂದರು ಅವರು, ಸಿಟ್ಟಿಲ್ಲದೆ, ಆದರೆ ಗಟ್ಟಿಯಾಗಿ. ನನ್ನ ಧೈರ್ಯ ಕುಸಿಯಿತು. ಅಷ್ಟು ದೊಡ್ಡ ಪಗಾರ ಬಾಗಿಲವರೆಗೆ ಬಂದು ತಿರುಗಿ ಹೋಗುವುದನ್ನು ನೋಡಲಾರದೆ "ಆಯ್ತ್ರಿ, ಕೂಡ್ತೇನಿ" ಎನ್ನಲು ಬಾಯಿ ತೆರೆದಿದ್ದೆ ಕೂಡ.

"ಅದಕ್ಯಾಕ ಅಷ್ಟ್ ಚಿಂತಿ?" ಅಂದರು ಮಹಾನಂದಮ್ಮ. "ನೀವೂ ಐದಕ್ಕ ಏಳ್ರಿ."

"ನಾನಾ? ಐದಕ್ಕ ಮನಿಗಿ ಬಂದು ಏನ್ ಮಾಡ್ಲಿ?"

"ನನ್ನ ಮಾರಿ ನೋಡ್ರಿ. ಬಸವಣ್ಣನ ವಾರ ಅಂತ ಸೋಮವಾರ ಎತ್ತಿಗಿ ನೊಗ ಇಡಂಗಿಲ್ಲ ನೀವು. ಎತ್ತಿಗೊಂದು ವಾರ ಅದ, ಹೆಂಡತಿಗಿ ಯಾವ ವಾರ ಅದ ಹೇಳ್ರಿ? ಬಿಸಿ ರೊಟ್ಟಿ ಬಡದ್ರ ನೀವು ಬರೋದ್ರಾಗ ಖಟಕ್ ರೊಟ್ಟಿ ಆಗಿರ್ತಾವ."

ಸಾವ್ಕಾರರು ನಮ್ಮಿಬ್ಬರನ್ನೂ ಅನುಮಾನದಿಂದ ನೋಡಿದರು. "ಇದೆಲ್ಲ ವಲ್ಲಿ ಕೆಳಗ ಮಾತಾಡ್ಕೊಂಡೀರೇನು ನೀವು?"

"ಇಲ್ರಿ" ಅಂದೆ. ನನ್ನ ಮಟ್ಟಿಗೆ ಅದು ನಿಜ. ಸಾವ್ಕಾರರು ಹೆಂಡತಿಯ ಮುಖವನ್ನೊಮ್ಮೆ ನೋಡಿ, "ಆಯ್ತು, ಐದಕ್ಕ ಇಬ್ರೂ ಏಳೂಣು" ಅಂದರು. ಮಹಾನಂದಮ್ಮ ಬಾಗಿಲವರೆಗೆ ಕಳಿಸಲು ಬಂದಾಗ, "ಮೊದ್ಲ ಸಲ ಅವ್ರು ಹಿಡದ ಬೆರಳಿಗಿ ನಾ ಒಂದು ಕೂಡಿಸಿ ನಿನ್ನ ಕೈಯಾಗ ಇಟ್ಟಿದ್ದೆ ತಂಗಿ" ಅಂದರು. "ನೀ ಒಲ್ಲೆ ಅಂದು ಎದ್ದು ಹೋಗಿದ್ರ ಅವ್ರು ಒಬ್ರೇ ಲೆಕ್ಕ ಬರಕೋತ ಕೂಡ್ತಿದ್ರು. ನನಗ ಮನಿಗಿ ಗಂಡ ಬೇಕಾಗಿದ್ದ."

ಹೀಗೆ ಬಯಸಿದ್ದೆಲ್ಲ ಸಿಕ್ಕಿತು. ಮೊದಲ ದಿನ ಬಿಸಿಲಿರುವಾಗಲೇ ಮನೆಗೆ ಬಂದ ನನ್ನನ್ನು ನೋಡಿ ಅವ್ವ, "ಯಾಕ ಬೇ, ಮೈಯಾಗ ಆರಾಮಿಲ್ಲೇನು?" ಅಂದಳು. ಎರಡನೆಯ ದಿನ, "ಕೆಲಸದಿಂದ ತಗದ್ರೇನು?" ಅಂದಳು. ಆಮೇಲೆ ಓಣಿಯವರು ಏನನ್ನುತ್ತಾರೋ ಎಂದು, "ಜರಾ ಬಸ್ ಸ್ಟ್ಯಾಂಡ್ ಕಡೆ ಅಡ್ಡಾಡಿ, ಕತ್ತಲಾದ ಮ್ಯಾಲ ಬಾ" ಎಂದು ಬೇಡಿಕೊಂಡಳು. ನಾನೂ ಕೆಲವು ದಿನ ವಿಧೇಯಳಾಗಿ ಬಸ್ ಸ್ಟ್ಯಾಂಡಿನ ಬಳಿ ಮಿರ್ಚಿ ಭಜಿ ತಿನ್ನುತ್ತ ದಣಿದವಳಂತೆ ನಿಂತೆ. ಮನೆಗೆ ಹೊಸ ತಿಜೋರಿ ಬಂದ ಮೇಲೆ ಅವ್ವ ಆ ಷರತ್ತನ್ನು ಹಿಂತೆಗೆದುಕೊಂಡಳು. ಈಗ ನನ್ನ ಸಂಜೆಗಳು ಮಾಳಿಗೆಯ ಮೇಲೆ ಕಳೆಯುತ್ತವೆ. ಅಲ್ಲಿ ಏನು ಮಾಡುತ್ತೀ ಎಂದು ಹಲವರು ಕೇಳಿದ್ದಾರೆ. ಏನೂ ಮಾಡುವುದಿಲ್ಲ, ಅದಕ್ಕಾಗಿಯೇ ಇಷ್ಟೆಲ್ಲ ಮಾಡಿದ್ದು.

ಆದರೆ ಹಗಲಿನ ವಿಷಯ ಬೇರೆ. ಐದಕ್ಕೆ ಏಳಲೇಬೇಕೆಂಬ ಕರಾರು, ಅದರ ಮೇಲೆ ಆ ಪಗಾರದ ನಾಚಿಕೆ. ಬೆಳಿಗ್ಗೆ ಕೂತರೆ ತಲೆ ಎತ್ತುವುದಿಲ್ಲ. ಚಹಾ ಆರಿ ಕೆನೆ ಕಟ್ಟುತ್ತದೆ. "ಇಷ್ಟ್ ಅವಸರ ಯಾಕ್ರಿ?" ಎಂದು ಸಾವ್ಕಾರರೇ ಕನಿಕರಪಡುತ್ತಾರೆ. ವಕೀಲರ ಆಫೀಸಿನಲ್ಲಿ ಒಂದು ವಾರ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಒಂದು ಹಗಲಿಗೆ ಮಾಡಿ ಮುಗಿಸುತ್ತೇನೆ, ಅಥವಾ ಮುಗಿಯದೆ ಚಡಪಡಿಸುತ್ತೇನೆ.

ಹೋದ ಶನಿವಾರ ಹಾಗೆಯೇ ಆಯಿತು. ಸೊನ್ನದ ಕಡೆಯಿಂದ ಬಂದ ಮಾಲಿನ ಲೆಕ್ಕದಲ್ಲಿ ಒಂದು ಚೀಲ ತೊಗರಿ ಕಡಿಮೆ ಬರುತ್ತಿತ್ತು. ಹುಡುಕುತ್ತಿರುವಾಗಲೇ ಐದಾಯಿತು. ಗುಡಿಯಿಂದ ಬರುತ್ತ ದಿನವೂ ಮಿಲ್ಲಿನ ಮುಂದೆ ನಿಲ್ಲುವ ಮಹಾನಂದಮ್ಮ ಬಾಗಿಲಲ್ಲಿ ಕಾಣಿಸಿದರು. "ಏಳು ತಂಗಿ."

"ಅವ್ವಾರೇ, ಜರಾ ತಡೀರಿ, ಒಂದ್ ಚೀಲ ಸಿಗವಲ್ದು."

"ಇಲಿ ತಿಂದಿರ್ಬೇಕು, ಏಳು."

"ಚೀಲಪೂರ್ತಿನಾ? ಅರ್ಧಾ ತಾಸು ಕೊಡ್ರಿ ಸಾಕು."

ಸಾವ್ಕಾರರು ಆಗಲೇ ಚಪ್ಪಲಿ ಮೆಟ್ಟಿ ಅಂಗಳದಲ್ಲಿದ್ದರು. "ಮನ್ಯಾಗ ಬಿಸಿ ಸುಸಲಾ ಅದ್ರಿ ಮೇಡಮ್ಮೋರೇ, ತಡಾ ಮಾಡಬ್ಯಾಡ್ರಿ" ಎಂದು ಅಲ್ಲಿಂದಲೇ ಕೂಗಿದರು. ಹಾಗಾದರೆ ಬೀಗದ ಕೈ ಕೊಡಿ, ನಾಳೆ ಭಾನುವಾರ ಬಂದು ನೋಡುತ್ತೇನೆ, ಪಗಾರ ಬೇಡ ಎಂದೆ. ಹೌದು, ನಾನೇ ಹಾಗೆಂದೆ. ಮಹಾನಂದಮ್ಮ ಮೇನ್ ಸ್ವಿಚ್ ಆರಿಸಿದರು, ನನ್ನನ್ನು ಹೊರಗೆ ಹಾಕಿ ಬೀಗ ಜಡಿದರು, ಜಗ್ಗಿ ನೋಡಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಸೋಮವಾರ ಮೊದಲ ಚಹಾ ಬರುವುದರೊಳಗೆ ಚೀಲ ಸಿಕ್ಕಿತು. ಕೂಡಿಸುವಾಗ ನಾನೇ ಒಂದು ಸಾಲು ಬಿಟ್ಟಿದ್ದೆ. ಅಲ್ಲಿಯವರೆಗೆ ಮಾತ್ರ, ಮಾಳಿಗೆ ಹತ್ತಿದರೂ ಇಳಿದರೂ, ಆ ಚೀಲ ಭಾನುವಾರವಿಡೀ ನನ್ನ ತಲೆಯ ಮೇಲೆಯೇ ಇತ್ತು. ಹೊತ್ತದ್ದಕ್ಕೆ ಹಮಾಲಿ ಕೂಲಿಯನ್ನು ಯಾರಲ್ಲಿ ಕೇಳಬೇಕೋ ಇನ್ನೂ ತಿಳಿದಿಲ್ಲ.