ಹೊಕ್ಕುಳಿನ ಕೆಂಪು ಹರಳು

ಹೊರದೇಶದಲ್ಲಿ ಘನತೆಯಿಂದ ಇದ್ದ ವಸ್ತುಗಳೆಲ್ಲ ವಿಜಯನಗರದ ನಮ್ಮ ಮನೆಗೆ ಬಂದ ಮೇಲೇ ಮಾನ ಕಳೆದುಕೊಳ್ಳುವುದು. ಪ್ರವಾಸಿಗರನ್ನು ಗುಂಪು ಕಟ್ಟಿಕೊಂಡು ದೇಶದೇಶ ಸುತ್ತಿಸುವುದು ನನ್ನ ಕೆಲಸವಾದ್ದರಿಂದ ಇಂಥವು ನಡೆಯುತ್ತಲೇ ಇರುತ್ತವೆ. ಟರ್ಕಿಯಿಂದ ತಂದ ದೀಪದ ಬುರುಡೆ ಅಮ್ಮನ ಕೈಯಲ್ಲಿ ಬೆಳ್ಳುಳ್ಳಿ ಬುಟ್ಟಿಯಾಯಿತು. ನೀಲಿ ಬೂಷ್ಟಿನ ದುಬಾರಿ ಚೀಸ್ "ಪಾಪ, ಮೋಸ ಮಾಡಿದಾರೆ ನಿಂಗೆ" ಎಂಬ ಸಾಂತ್ವನದೊಡನೆ ಕಸದ ಗಾಡಿ ಸೇರಿತು. ಅಮ್ಮನ ಕಣ್ಣಿಗೆ ಬೀಳದೆ ಉಳಿದದ್ದು ಒಂದೇ. ಪೋರ್ಚುಗಲ್ಲಿನ ಒಂದು ಕಡಲೂರಿನಲ್ಲಿ, ಮೂವತ್ತು ದಾಟಿದ ಹುರುಪಿನಲ್ಲಿ, ಹೊಕ್ಕುಳಿಗೆ ಚುಚ್ಚಿಸಿಕೊಂಡ ಪುಟ್ಟ ಒಡವೆ. ಬಾಗಿದ ಕಡ್ಡಿ, ಮೇಲ್ತುದಿಯಲ್ಲಿ ತಿರುಪಿನ ಗುಂಡು, ಕೆಳಗೆ ಕೆಂಪು ಹರಳು. ಅದನ್ನು ಅಮ್ಮನಿಂದ ಬಚ್ಚಿಡುವುದರಲ್ಲೇ ನನಗೆ ಐವತ್ತಾಯಿತು.

ಮೆಟ್ರೋ ಯಂತ್ರ

ಮೆಟ್ರೋ ನಿಲ್ದಾಣದಲ್ಲಿ ಹೆಂಗಸರನ್ನು ಪರದೆಯ ಹಿಂದೆ ತಪಾಸಣೆ ಮಾಡುವ ಹುಡುಗಿ ರಾಯಚೂರಿನ ಕಡೆಯವಳು. ಕೈಯಲ್ಲಿದ್ದ ಯಂತ್ರ ನನ್ನ ಹೊಟ್ಟೆಯ ಹತ್ತಿರ ಬಂದಾಗ ಕುಂಯ್ ಎಂದಿತು.

"ಹೊಟ್ಟ್ಯಾಗ ಏನೈತ್ರೀ ಅಕ್ಕಾರ?"

ಹೊಕ್ಕುಳಿನ ವಿಷಯ ಪಿಸುಗುಟ್ಟಿದೆ. ಅವಳೂ ಪಿಸುಗುಟ್ಟಿದಳು. "ಮನ್ಯಾಗ ಯಾರೂ ಬೈಯಂಗಿಲ್ಲೇನ್ರೀ?"

"ಅಮ್ಮಂಗೆ ಗೊತ್ತಿಲ್ಲ."

ಅಷ್ಟೇ. ಅಂದಿನಿಂದ ನಾವಿಬ್ಬರೂ ಒಂದೇ ಪಕ್ಷ. ಒಮ್ಮೆ ಅಮ್ಮನನ್ನೂ ಕರೆದುಕೊಂಡು ಹೊರಟಿದ್ದೆ. ಯಂತ್ರ ಕುಂಯ್ ಎಂದಿತು. ಹುಡುಗಿ ನನ್ನನ್ನು ನೋಡಿದಳು, ನನ್ನ ಬೆನ್ನಿಗೇ ನಿಂತಿದ್ದ ಅಮ್ಮನನ್ನು ನೋಡಿದಳು, ಯಂತ್ರವನ್ನು ಎರಡು ಸಲ ಕೊಡವಿದಳು. "ಇದು ಕೆಟ್ಟೈತ್ರೀ ಅಮ್ಮಾರ."

ಅಮ್ಮ ತಲೆಯಾಡಿಸಿದಳು. "ಹೌದಮ್ಮ, ಕೆಲವಕ್ಕೆ ರಿಪೇರಿ ಇಲ್ಲ." ಅವಳ ಕಣ್ಣು ಯಂತ್ರದ ಮೇಲಿರಲಿಲ್ಲ ಎಂಬುದನ್ನು ನಾನು ಆಗ ಗಮನಿಸಬೇಕಿತ್ತು.

ಎಣ್ಣೆಯ ಬಟ್ಟಲು

ನಮ್ಮ ಮನೆಯಲ್ಲಿ ಹಬ್ಬದ ಎಣ್ಣೆಸ್ನಾನಕ್ಕೆ ಒಂದು ಕ್ರಮವಿದೆ. ನೆತ್ತಿಗೆ ಹರಳೆಣ್ಣೆ, ಅಂಗಾಲಿಗೆ ಹರಳೆಣ್ಣೆ, ಕೊನೆಗೆ ಹೊಕ್ಕುಳಿಗೆ ಒಂದು ತೊಟ್ಟು. ಮೂರನ್ನೂ ಅಮ್ಮನೇ ಹಚ್ಚಬೇಕು. ವಯಸ್ಸಿನ ವಿನಾಯಿತಿ ಇಲ್ಲ. ಅಪ್ಪ ಇದ್ದಾಗ ಅವರೂ ಬನಿಯನ್ ಎತ್ತಿಕೊಂಡು ಸಾಲಿನಲ್ಲಿ ನಿಲ್ಲುತ್ತಿದ್ದರು.

ಒಂದು ಯುಗಾದಿಗೆ ಕಚಗುಳಿ ಎಂದೆ. ಒಂದು ದೀಪಾವಳಿಗೆ ಅಲರ್ಜಿ ಎಂದೆ. ಮತ್ತೊಂದು ಸಲ ನೆಪ ತೋಚದೆ "ಆಗಲೇ ಹಚ್ಕೊಂಡೆ" ಎಂದೆ.

"ಬಟ್ಟಲು ನನ್ನ ಕೈಯಲ್ಲೇ ಇದೆಯಲ್ಲೇ?"

"ನಂದು ಬೇರೆ ತರಿಸ್ಕೊಂಡಿದೀನಮ್ಮ. ಆನ್‌ಲೈನ್."

"ಹರಳೆಣ್ಣೆನಾ?" ಎಂದಳು ಅಮ್ಮ. "ಹಾಗಾದ್ರೆ ಬಾಟ್ಲಿ ಕೊಡು, ದೀಪಕ್ಕೆ ಸಾಲದು."

ಸುಳ್ಳು ಉಳಿಸಿಕೊಳ್ಳಲು ಹಬ್ಬದ ಬೆಳಿಗ್ಗೆ ತಲೆಗೆ ಟವೆಲು ಸುತ್ತಿಕೊಂಡು ಅಂಗಡಿಗೆ ಓಡಿದ್ದೆ.

ನರ್ಸಮ್ಮನ ಪಾಠ

ಹೀಗೇ ನಡೆಯುತ್ತಿತ್ತೇನೋ. ಆದರೆ ಪಿತ್ತಕೋಶದಲ್ಲಿ ಕಲ್ಲು ಸಿಕ್ಕಿತು. ಆಪರೇಷನ್ನು ಹೊಕ್ಕುಳಿನ ಪಕ್ಕ ಸಣ್ಣ ತೂತು ಮಾಡಿ. ಹಿಂದಿನ ದಿನ ಬೆಳಿಗ್ಗೆ ರಾಜಾಜಿನಗರದ ಆಸ್ಪತ್ರೆಯಲ್ಲಿ ನರ್ಸಮ್ಮ ಕೇಳಿದರು. "ಬಳೆ, ಸರ, ಓಲೆ, ಎಲ್ಲ ಮನೇಲೇ ತೆಗೆದಿಟ್ಟು ಬನ್ನಿ. ಮೈಮೇಲೆ ಬೇರೇನಾದ್ರೂ ಇದ್ಯಾ?"

ಪಕ್ಕದಲ್ಲಿ ಅಮ್ಮ. "ಇಲ್ಲ" ಎಂದೆ. ಅಮ್ಮನನ್ನು ಲಿಫ್ಟಿನ ಹತ್ತಿರ ಕೂರಿಸಿ, ಛತ್ರಿ ಮರೆತೆ ಎಂದು ವಾಪಸು ಓಡಿ, ನಿಜ ಹೇಳಿದೆ.

ನರ್ಸಮ್ಮ ಪರೀಕ್ಷಿಸಿ, ಕೆಂಪಾಗಿಲ್ಲ, ಕೀವಿಲ್ಲ ಎಂದು ಖಾತ್ರಿಪಡಿಸಿಕೊಂಡರು. "ಇದ್ದಿದ್ರೆ ಮುಟ್ಟಬೇಡಿ, ಡಾಕ್ಟರೇ ನೋಡ್ಲಿ ಅಂತಿದ್ದೆ. ಈಗ ಕೈ ಸೋಪಲ್ಲಿ ತೊಳ್ಕೊಳ್ಳಿ. ಉಗುರುಬೆಚ್ಚನೆ ಉಪ್ಪುನೀರಲ್ಲಿ ಹತ್ತಿ ಅದ್ದಿ ಸ್ವಲ್ಪ ಹೊತ್ತು ಇಟ್ಕೊಳ್ಳಿ. ಆಮೇಲೆ ಒಣಗಿಸಿ, ಕಡ್ಡಿ ಅಲ್ಲಾಡದಂಗೆ ಹಿಡಿದು, ಮೇಲಿನ ಗುಂಡು ತಿರುಗಿಸಿ. ಎಳೀಬೇಡಿ. ಇಕ್ಕಳ ಗಿಕ್ಕಳ ಹಾಕಬೇಡಿ. ಬರಲಿಲ್ಲ ಅಂದ್ರೆ ಹಂಗೇ ಬನ್ನಿ. ಒಳಗಡೆ ಇನ್ನೇನೂ ಇಲ್ಲ ತಾನೆ?"

"ಕಲ್ಲು ಇದೆ."

"ಅದು ನಮ್ಮ ಜವಾಬ್ದಾರಿ ಬಿಡಿ," ಎಂದರು.

ಇಕ್ಕಳ

ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತೆ. ಕನ್ನಡಿಯಲ್ಲಿ ಎಡ ಬಲವಾಗುತ್ತದೆ. ಬಗ್ಗಿ ನೋಡಿದರೆ ಹೊಟ್ಟೆಯೇ ಅಡ್ಡ ಬರುತ್ತದೆ. ಬಿಚ್ಚುತ್ತಿದ್ದೇನೋ ಬಿಗಿಯುತ್ತಿದ್ದೇನೋ ದೇವರಿಗೇ ಗೊತ್ತು. ಹೊರಗಿನಿಂದ ಅಮ್ಮ. "ನಲ್ಲಿ ಕೆಟ್ಟಿದ್ಯಾ?" "ಇಲ್ಲಮ್ಮ." "ಹೊಟ್ಟೆ ಕೆಟ್ಟಿದ್ಯಾ?" "ಹೂಂ" ಎನ್ನುವುದೇ ಸುಲಭವಾಯಿತು.

ಸೋತು, ಹಿಂದಿನ ರಸ್ತೆಯ ಅಕ್ಕಸಾಲಿಯ ಅಂಗಡಿಗೆ ಹೋದೆ. ಬಿಗಿದುಕೊಂಡ ಓಲೆಯ ತಿರುಪು ಬಿಚ್ಚುವುದರಲ್ಲಿ ಹೆಸರುವಾಸಿ.

"ಯಾವ ಕಿವಿ ಮೇಡಂ?"

"ಕಿವಿ ಅಲ್ಲ."

"ಮೂಗಾ?"

"ಇನ್ನೂ ಸ್ವಲ್ಪ ಕೆಳಗೆ."

ಆತ ಕನ್ನಡಕ ತೆಗೆದು ಒರೆಸಿ, ಒಳಗೆ ತಿರುಗಿ, "ಏ, ಇಲ್ಲಿ ಬಾರೇ" ಎಂದು ಹೆಂಡತಿಯನ್ನು ಕರೆದರು. ಆಕೆ ನನ್ನನ್ನು ಒಳಕೋಣೆಗೆ ಕರೆದೊಯ್ದು ನೋಡಿದರು. "ಇವ್ರ ಕೈಗೆ ಕೊಡ್ಬೇಡಿ. ಇಕ್ಕಳ ಬಿಟ್ರೆ ಬೇರೆ ಭಾಷೆ ಗೊತ್ತಿಲ್ಲ ಇವರಿಗೆ. ಹಿಡ್ಕೊಳ್ಳೋಕೆ ಒಬ್ರು ಇದ್ರೆ ಬಂದ್ಬಿಡುತ್ತೆ. ಮನೇಲಿ ಹೆಂಗಸರು ಯಾರೂ ಇಲ್ವಾ?"

"ಅಮ್ಮ ಇದಾರೆ."

"ಮತ್ತೇನ್ ತೊಂದರೆ?"

"ಅದೇ ತೊಂದರೆ."

ಚಾಪೆ

ಮನೆಗೆ ಬಂದರೆ ನಡುಮನೆಯಲ್ಲಿ ಚಾಪೆ ಹಾಸಿತ್ತು. ಪಕ್ಕದಲ್ಲಿ ಎಣ್ಣೆಯ ಬಟ್ಟಲು.

"ಮಲ್ಕೋ," ಎಂದಳು ಅಮ್ಮ. "ನಾಳೆ ಅಲ್ಲೇ ತಾನೆ ಕುಯ್ಯೋದು? ಎಣ್ಣೆ ಹಚ್ಚಿ ಕ್ಲೀನ್ ಮಾಡಿ ಕಳಿಸ್ತೀನಿ. ನಾಳೆ ಡಾಕ್ಟ್ರು ಏನಂದ್ಕೊಂಡಾರು?"

ಕಚಗುಳಿ, ಅಲರ್ಜಿ, ಆನ್‌ಲೈನ್ ಎಲ್ಲ ಖರ್ಚಾಗಿದ್ದವು. ಮಲಗಿ ಕಣ್ಣು ಮುಚ್ಚಿದೆ. ಅಮ್ಮ ಬಟ್ಟೆ ಸರಿಸಿದಳು.

"ಹರಳಿನ ಬಣ್ಣ ಹಾಗೇ ಇದೆಯಲ್ಲೇ, ಪರವಾಗಿಲ್ಲ."

ಕಣ್ಣು ಬಿಟ್ಟೆ. "ನಿಂಗೆ ಗೊತ್ತಿತ್ತಾ?"

"ಆವತ್ತು ಡೆಂಗ್ಯೂ ಬಂದು ಪ್ರಜ್ಞೆ ಇಲ್ದೆ ಮಲಗಿದ್ಯಲ್ಲ, ಮೈ ಒರೆಸಿದ್ದು ಯಾರು ಅಂದ್ಕೊಂಡೆ?"

"ಮತ್ತೆ ಇಷ್ಟು ವರ್ಷ ಯಾಕಮ್ಮ ಕೇಳ್ಲಿಲ್ಲ?"

"ಕೇಳಿದ್ರೆ ನೀನು ಏನೋ ಒಂದು ಸುಳ್ಳು ಹೇಳ್ತಿದ್ದೆ. ಊರೂರು ಸುತ್ತೋಳು, ನನ್ನ ಹತ್ರ ಬಚ್ಚಿಡೋಕಾದ್ರೂ ಮನೆಗೆ ಬರ್ತೀಯಲ್ಲ ಅಂತ ಸುಮ್ನಿದ್ದೆ."

ನರ್ಸಮ್ಮ ಹೇಳಿದ್ದನ್ನೆಲ್ಲ ಒಪ್ಪಿಸಿದೆ. ಅಮ್ಮ ಸೋಪಿನಲ್ಲಿ ಕೈ ತೊಳೆದು ಬಂದು ಉಪ್ಪುನೀರಿನ ಹತ್ತಿ ಇಟ್ಟಳು. ಆಮೇಲೆ ಅಭ್ಯಾಸಬಲದಿಂದ ಒಂದು ತೊಟ್ಟು ಹರಳೆಣ್ಣೆಯನ್ನೂ ಬಿಟ್ಟಳು. ಗುಂಡು ಬೆರಳಿಂದ ಮೀನಿನ ಹಾಗೆ ಜಾರಿತು. "ಅಯ್ಯೋ, ಇದೊಂದ್ಸಲ ಎಣ್ಣೆ ಬೇಡವಾಗಿತ್ತು" ಎಂದು ಮೊದಲ ಬಾರಿಗೆ ಹರಳೆಣ್ಣೆಯ ಸೋಲನ್ನು ಒಪ್ಪಿಕೊಂಡು, ಶುಭ್ರ ಬಟ್ಟೆಯಲ್ಲಿ ಒರೆಸಿದಳು. ನಾನು ಕಡ್ಡಿ ಹಿಡಿದೆ. ಅವಳು ಒಣ ಹತ್ತಿಬಟ್ಟೆಯಲ್ಲಿ ಗುಂಡು ಹಿಡಿದು ಮೆಲ್ಲಗೆ ತಿರುಗಿಸಿದಳು. ಬಂತು. ನೋವೇ ಆಗಲಿಲ್ಲ.

ಅಮ್ಮನ ಅಂಗೈ ಮಾತ್ರ ಹೊಕ್ಕುಳಿನ ಮೇಲೆ ಹಾಗೇ ಇತ್ತು. ಒಡವೆಗಿಂತ ನಾಳೆಯ ಬೆಳಗು ಅವಳಿಗೆ ಭಾರವಾಗಿತ್ತು ಎಂದು ಆಗ ತಿಳಿಯಿತು.

"ಹೆದರಿಕೆ ಆಗ್ತಿದ್ಯಾ?" ಎಂದೆ.

"ಇದು ನನ್ನಿಂದ ನಿನ್ನ ಬಿಡಿಸಿದ ಜಾಗ ಕಣೇ," ಎಂದಳು. "ಅಲ್ಲೇ ಮತ್ತೆ ಕತ್ತರಿ ಹಾಕ್ತಾರೆ ಅಂದ್ರೆ, ನನ್ನನ್ನೂ ಒಂದ್ಮಾತು ಕೇಳ್ಬೇಕಿತ್ತು ಅವ್ರು."

ಲಕ್ಷ್ಮಿಯ ಮೂಗು

ಆಪರೇಷನ್ನು ಸುಸೂತ್ರವಾಯಿತು. ಮನೆಗೆ ಬಂದ ವಾರಕ್ಕೇ ವರಮಹಾಲಕ್ಷ್ಮಿ ಹಬ್ಬ. ಹೊಲಿಗೆ ಹಸಿ, ನಕ್ಕರೆ ಎಳೆಯುತ್ತದೆ, ನಗಬೇಡಿ ಎಂದು ಡಾಕ್ಟರು ಎಚ್ಚರಿಸಿದ್ದರು. ದಿಂಬು ಒತ್ತಿಕೊಂಡು ಮೂಲೆಯ ಕುರ್ಚಿಯಲ್ಲಿ ಕೂತಿದ್ದೆ. ಸಂಜೆ ಅರಿಶಿನ ಕುಂಕುಮಕ್ಕೆ ಬಂದ ಎದುರುಮನೆ ಆಂಟಿ ಕಲಶದ ಮುಂದೆ ನಿಂತವರು ಅಲ್ಲಿಂದ ಕದಲಲಿಲ್ಲ.

"ಲಕ್ಷ್ಮಿ ಮೂಗುಬೊಟ್ಟು ಹೊಸದಾ? ಎಷ್ಟು ಲಕ್ಷಣವಾಗಿದೆ."

ನಾನೂ ಆಗಲೇ ನೋಡಿದ್ದು. ಬೆಳ್ಳಿ ಮುಖವಾಡದ ಮೂಗಿನಲ್ಲಿ, ಹುಣಸೆಹಣ್ಣಿನಲ್ಲಿ ತಿಕ್ಕಿಸಿಕೊಂಡು ಥಳಥಳ ಹೊಳೆಯುತ್ತಿತ್ತು, ನನ್ನ ಕೆಂಪು ಹರಳು. ದಿಂಬನ್ನು ಇನ್ನಷ್ಟು ಒತ್ತಿಕೊಂಡೆ.

"ನನ್ನ ಮಗಳು ಫಾರಿನ್ನಿಂದ ತಂದಿದ್ದು," ಎಂದಳು ಅಮ್ಮ. "ಸೂಟ್‌ಕೇಸಲ್ಲೂ ಹಾಕ್ಲಿಲ್ಲ. ಮೈಮೇಲೇ ಇಟ್ಕೊಂಡು ಅಷ್ಟು ಜೋಪಾನವಾಗಿ ತಂದ್ಲು."

ಆಂಟಿ ಕೈ ಚಾಚಿ ಹರಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. "ಎಂಥ ಭಕ್ತಿ. ಮುಂದಿನ ಸಲ ಹೋದಾಗ ನಮ್ಮ ಲಕ್ಷ್ಮಿಗೂ ಒಂದು ತಂದ್ಕೊಡಮ್ಮ."

ಅಮ್ಮ ಆಂಟಿಯ ಉಡಿಗೆ ತೆಂಗಿನಕಾಯಿ ಹಾಕುತ್ತ, ನನ್ನ ಕಡೆ ತಿರುಗಿಯೂ ನೋಡದೆ ಹೇಳಿದಳು:

"ತರ್ತಾಳೆ ಬಿಡಿ. ಹೇಗಿದ್ರೂ ಈಗ ಜಾಗ ಖಾಲಿ ಇದೆ."