ದೊರೆ ಬಂದ ಮೇಲೆ ನನ್ನ ಗತಿ

ನನ್ನ ಹೆಂಡತಿ ನನ್ನ ಕಣ್ಣೆದುರಿಗೇ ಇನ್ನೊಬ್ಬನನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಲೆ ನೇವರಿಸುತ್ತಾಳೆ. ಯಾರ ಹತ್ತಿರ ದೂರು ಹೇಳಲಿ? ಹೇಳಿದರೆ “ಬೆಕ್ಕಿನ ಮೇಲೆ ಹೊಟ್ಟೆಕಿಚ್ಚಾ?” ಎಂದು ನಗುತ್ತಾರೆ. ಹೌದು ಸ್ವಾಮಿ, ಬೆಕ್ಕಿನ ಮೇಲೆಯೇ.

ಅವಳು ಪಾಠ ಮಾಡುವ ಶಾಲೆಯ ಮೆಟ್ಟಿಲ ಕೆಳಗೆ ಸಿಕ್ಕಿದ ಮರಿ ಅದು. ಬೂದು ಬಣ್ಣ, ಒಂದು ಕಿವಿ ಸೊಟ್ಟ. “ಎರಡು ದಿನ ಇರಲಿ ರೀ” ಎಂದು ತಂದವಳು ಅದಕ್ಕೆ ದೊರೆ ಎಂದು ಹೆಸರಿಟ್ಟಳು. ದೊರೆಯಾದವನು ಎರಡು ದಿನಕ್ಕೆ ಸಿಂಹಾಸನ ಬಿಟ್ಟಿಳಿಯುವುದುಂಟೆ?

ಒಂದು ಸಂಜೆ ನಾನು ಕನ್ನಡಕದ ಅಂಗಡಿ ಮುಚ್ಚಿ ಮನೆಯೊಳಗೆ ಕಾಲಿಟ್ಟೆ. ಅಡುಗೆಮನೆಯಿಂದ ಜೇನಿನಂಥ ದನಿ ಬಂತು: “ಬಂದ್ಯಾ ನನ್ನ ದೊರೆ? ಹಸಿವಾಯ್ತಾ ಬಂಗಾರ?”

ಮದುವೆಯಾದ ಹೊಸದರಲ್ಲೂ ಇಂಥ ಮಾತು ಕೇಳಿದವನಲ್ಲ ನಾನು. “ಹೂಂ ಕಣೇ” ಎಂದು ನಾಚಿಕೊಂಡೆ.

“ನಿಮ್ಮನ್ನಲ್ಲ ರೀ! ಸ್ವಲ್ಪ ಸರೀರಿ, ಹಿಂದೆ ಅವನು ಬರ್ತಿದ್ದಾನೆ.”

ಕಿಟಕಿಗಳಿಗೆಲ್ಲ ಬಲೆ ಬಂತು. ಅವನು ಬಿದ್ದುಬಿಟ್ಟರೆ? (ನಾನು ಅದೇ ಕಿಟಕಿಯ ಮೇಲೆ ಹತ್ತಿ ಧೂಳು ಹೊಡೆಯುವಾಗ ಯಾರಿಗೂ ಈ ಚಿಂತೆ ಬಂದಿರಲಿಲ್ಲ.) ಅವನ ಮರಳಿನ ತಟ್ಟೆ ಶುಚಿ ಮಾಡುವ ರಾಜಸೇವೆ ನನ್ನ ಪಾಲಿಗೆ ಬಂತು. ಬೆಕ್ಕುಗಳ ಹೊಟ್ಟೆಗೆ ಹಾಲು ಆಗುವುದಿಲ್ಲವೆಂದು ಪ್ರಾಣಿಗಳ ಡಾಕ್ಟರಮ್ಮ ಹೇಳಿದಾಗ, ಸದ್ಯ ಹಾಲಾದರೂ ನನಗೆ ಉಳಿಯಿತಲ್ಲ ಎಂದುಕೊಂಡೆ. ಅವನಿಗೆ ದಿನವೂ ಮೀನು ಶುರುವಾಯಿತು.

ಒಂದು ಬೆಳಿಗ್ಗೆ ದೊರೆ ತಟ್ಟೆ ಮೂಸಿ ಹಿಂದೆ ಸರಿದ. ಅಷ್ಟೇ. ನನ್ನಾಕೆ ಶಾಲೆಗೆ ಅರ್ಧ ದಿನ ರಜೆ ಹಾಕಿ ಅವನನ್ನು ಎತ್ತಿಕೊಂಡು ಡಾಕ್ಟರಮ್ಮನ ಹತ್ತಿರ ಓಡಿದಳು. ಆಗ ನನ್ನ ತಲೆಯಲ್ಲಿ ದೀಪ ಹತ್ತಿತು. ಉಪವಾಸ! ಇಷ್ಟು ಸುಲಭದ ಅಸ್ತ್ರ ಒಂದು ಬೆಕ್ಕಿಗೆ ಹೊಳೆದಿದೆ, ನನಗೆ ಹೊಳೆದಿಲ್ಲವಲ್ಲ!

ಅಂದು ಸಂಜೆಯೇ ಶುರು ಮಾಡಿದೆ. (ಅಂಗಡಿಯ ಪಕ್ಕದ ಹೋಟೆಲಿನಲ್ಲಿ ಹೊಟ್ಟೆ ತುಂಬಿಸಿಕೊಂಡೇ ಬಂದಿದ್ದೆ. ಉಪವಾಸಕ್ಕೂ ಶಕ್ತಿ ಬೇಕು.)

“ಊಟಕ್ಕೆ ಬನ್ನಿ.”

“ನನಗೆ ಬೇಡ.”

“ಯಾಕೆ?”

“ಹಸಿವಿಲ್ಲ.”

“ಸರಿ, ಮುಚ್ಚಿಡ್ತೀನಿ.”

ಇಷ್ಟೇ! ಅರ್ಧ ದಿನ ರಜೆ ಹಾಗಿರಲಿ, ಅರ್ಧ ನಿಮಿಷದ ಗಾಬರಿಯೂ ಇಲ್ಲ. ನಾನು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತೆ. ದೊರೆ ಬಂದು ಪಕ್ಕದಲ್ಲಿ ಕುಳಿತು ಕಾಲು ನೆಕ್ಕಿಕೊಳ್ಳತೊಡಗಿದ. ಗಾಯದ ಮೇಲೆ ಬರೆ. ನನಗೆ ಗೊತ್ತಿಲ್ಲದೆಯೇ ಗಂಟಲಿನಿಂದ “ಗುರ್ರ್” ಎಂಬ ಸದ್ದು ಹೊರಟಿತು. ನನ್ನಾಕೆ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದಳು. ಫೋನು ಹಿಡಿದು ಹೊರಗೆ ಹೋದಳು.

ಮರುದಿನದಿಂದ ನನ್ನ ಗ್ರಹಗತಿಯೇ ಬದಲಾಯಿತು. ಮೊದಲ ತಟ್ಟೆ ನನಗೆ, ಆಮೇಲೆ ಬೆಕ್ಕಿಗೆ. ಬಡಿಸುವಾಗ ತಲೆಯ ಮೇಲೊಂದು ಕೈ. ಕಿಟಕಿಯ ಬಳಿ ಮೆತ್ತನೆಯ ದಿಂಬಿಟ್ಟ ಕುರ್ಚಿ, ದೊರೆ ಅದರ ಮೇಲೆ ಹಾರಿದರೆ “ಇಳಿಯೋ, ಅದು ಅವರ ಜಾಗ!” ಊಟವಾದ ಮೇಲೆ ನನ್ನ ಜೊತೆ ಕೇರಂ ಆಟ. ನಾನು ಕುಡಿದ ಲೋಟ ನಾನೇ ತೊಳೆದಿಟ್ಟರೆ “ಜಾಣ!” ಎಂಬ ಬಿರುದು ಬೇರೆ.

ನಾನು ಉಬ್ಬಿಹೋದೆ. ಅಂಗಡಿಯಲ್ಲಿ ಗಾಜು ಉಜ್ಜುವವನಿಗೆ, “ಹೆಂಡತಿಯನ್ನ ದಾರಿಗೆ ತರೋದು ಹೇಗೆ ಅಂತ ನನ್ನ ಕೇಳಪ್ಪ” ಎಂದು ಉಪದೇಶವನ್ನೂ ಕೊಟ್ಟೆ.

ಗೆದ್ದವನು ಉದಾರಿಯಾಗಿರಬೇಕು. ಹಾಗಾಗಿ ದೊರೆಗೆ ಲಸಿಕೆ ಹಾಕಿಸುವ ದಿನ ಬುಟ್ಟಿ ಹೊತ್ತುಕೊಂಡು ನಾನೂ ಹೊರಟೆ. ಡಾಕ್ಟರಮ್ಮ ಚುಚ್ಚುಮದ್ದು ಕೊಟ್ಟು ಕೈ ತೊಳೆಯುತ್ತ ನನ್ನಾಕೆಯನ್ನು ಕೇಳಿದರು:

“ಅಂದ ಹಾಗೆ, ಮನೇಲಿರೋ ಇನ್ನೊಂದು ಹೇಗಿದೆ? ಊಟ ಬಿಟ್ಟು ಮೂಲೇಲಿ ಕೂತು, ಇವನನ್ನ ಕಂಡ್ರೆ ಗುರ್ ಅಂತಿದೆ ಅಂತ ಫೋನ್ ಮಾಡಿದ್ರಲ್ಲ?”

ಇನ್ನೊಂದೇ? ನಮ್ಮ ಮನೆಯಲ್ಲಿ ಇನ್ನೊಂದು ಬೆಕ್ಕು ಎಲ್ಲಿದೆ?

“ಈಗ ಪರವಾಗಿಲ್ಲ ಡಾಕ್ಟ್ರೇ,” ಎಂದಳು ನನ್ನಾಕೆ. “ನೀವು ಹೇಳಿದ ಹಾಗೆ ಮೊದಲು ಅದಕ್ಕೇ ಊಟ ಹಾಕ್ತೀನಿ. ತಲೆ ಸವರ್ತೀನಿ. ಕಿಟಕಿ ಹತ್ರ ಅದಕ್ಕೇ ಅಂತ ಒಂದು ಜಾಗ ಮಾಡಿದೀನಿ. ದಿನಾ ಸ್ವಲ್ಪ ಹೊತ್ತು ಆಟ ಆಡಿಸ್ತೀನಿ.”

“ನೋಡಿದ್ರಾ! ಹೊಸದು ಬಂದಾಗ ಹಳೇದಕ್ಕೆ ಹೊಟ್ಟೆಕಿಚ್ಚು ಸಹಜ. ವಯಸ್ಸಾಗಿದೆಯಾ?”

“ಆಗಿದೆ. ಬುದ್ಧಿ ಮಾತ್ರ ಇನ್ನೂ ಮರೀದೇ.”

ಬುಟ್ಟಿಯ ಮುಚ್ಚಳ ನನ್ನ ಕೈಯಿಂದ ಜಾರಿತು. ಅವಳ ಕಿವಿಯ ಹತ್ತಿರ ಬಾಗಿ, “ಏನೇ, ನನ್ನನ್ನ ಬೆಕ್ಕು ಅಂತ ಹೇಳಿದ್ಯಾ?” ಎಂದು ಪಿಸುಗುಟ್ಟಿದೆ.

“ಬೆಕ್ಕು ಅಂತ ನಾನೆಲ್ಲಿ ಹೇಳ್ದೆ? ಮನೇಲಿ ಮೊದಲಿಂದ ಒಂದು ಗಂಡಿದೆ ಅಂದೆ. ಸುಳ್ಳಾ?”

ಡಾಕ್ಟರಮ್ಮ ಕೈ ಒರೆಸಿಕೊಂಡು ತಿರುಗಿದರು. “ಗಂಡು ಅಂದ್ರಲ್ಲ, ಮತ್ತೆ ಗುರ್ ಅಂದ್ರೆ ತಲೆ ಕೆಡಿಸ್ಕೋಬೇಡಿ. ಸಣ್ಣ ಆಪರೇಷನ್ನು, ಸಿಟ್ಟೆಲ್ಲ ಇಳಿದುಹೋಗುತ್ತೆ. ಇವನಿಗೂ ಹೇಗೂ ಮುಂದಿನ ತಿಂಗಳು ಮಾಡ್ಬೇಕು. ಎರಡನ್ನೂ ಒಟ್ಟಿಗೇ ಕರ್ಕೊಂಡು ಬಂದುಬಿಡಿ.”

ನನ್ನಾಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿದಳು.

“ಯೋಚನೆ ಮಾಡಿ ಹೇಳ್ತೀನಿ ಡಾಕ್ಟ್ರೇ.”

ನಾನು ಬಾಗಿ ದೊರೆಯನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೊತ್ತಿಕೊಂಡೆ. “ಬಾರಪ್ಪಾ ನನ್ನ ದೊರೆ, ಮನೆಗೆ ಹೋಗೋಣ” ಎಂದೆ, ಇಬ್ಬರು ಹೆಂಗಸರಿಗೂ ಚೆನ್ನಾಗಿ ಕೇಳಿಸುವಂತೆ, ಗಂಟಲನ್ನು ಎಷ್ಟು ಮೆತ್ತಗೆ ಮಾಡಲು ಸಾಧ್ಯವೋ ಅಷ್ಟು ಮೆತ್ತಗೆ ಮಾಡಿಕೊಂಡು.